ಎಂ.ಕಾಂ ಸೇರಲೇ, ಎಂಬಿಎ ಸೇರಲೇ? ಬ್ಯಾಂಕಿಂಗ್ ಓದಲು ಹೊರಟವರ ಪ್ರಶ್ನೆಗಳು

ಬ್ಯಾಂಕಿಂಗ್ ಮತ್ತು ಹಣಕಾಸು ವಿಷಯದಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂದಿರುವ, ಈಗಾಗಲೇ ಮಾಡುತ್ತಿರುವ ಹಾಸನ–ಚಿಕ್ಕಮಗಳೂರು ಭಾಗದ ಓದುಗರ ಐದು ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ.

ಈ ವರ್ಷ ಬಿ.ಕಾಂ ಮುಗಿಯಿತು. ಬ್ಯಾಂಕಿಂಗ್ ನನಗೆ ಇಷ್ಟದ ವಿಷಯ. ಮನೆಯವರು ಹಾಸನದಲ್ಲೇ ಓದು ಎನ್ನುತ್ತಾರೆ. ಎಂ.ಕಾಂ ಒಳ್ಳೆಯದೋ, ಫೈನಾನ್ಸ್ ತೆಗೆದುಕೊಂಡು ಎಂಬಿಎ ಮಾಡುವುದು ಒಳ್ಳೆಯದೋ?
– ವಿದ್ಯಾರ್ಥಿನಿ, ಸಕಲೇಶಪುರ

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಸರ್ಕಾರಿ ಬ್ಯಾಂಕಿನ ಕ್ಲರ್ಕ್ ಅಥವಾ ಪ್ರೊಬೇಷನರಿ ಆಫೀಸರ್ (ಪಿಒ) ಹುದ್ದೆಗೆ ಸ್ನಾತಕೋತ್ತರ ಪದವಿ ಬೇಕಿಲ್ಲ. ಈ ಹುದ್ದೆಗಳ ನೇಮಕಾತಿಗೆ ನಡೆಯುವ ಐಬಿಪಿಎಸ್ ಪರೀಕ್ಷೆಗೆ ಯಾವುದೇ ಪದವಿ ಸಾಕು. ಸಾಮಾನ್ಯ ವರ್ಗದವರಿಗೆ ವಯೋಮಿತಿ ಕ್ಲರ್ಕ್‌ಗೆ 20ರಿಂದ 28, ಪಿಒಗೆ 20ರಿಂದ 30. ಆದ್ದರಿಂದ ಬ್ಯಾಂಕ್ ಕೆಲಸವೊಂದೇ ಗುರಿಯಾಗಿದ್ದರೆ ಎಂ.ಕಾಂ ಮುಗಿಯಲಿ, ಆಮೇಲೆ ಪರೀಕ್ಷೆ ಬರೆಯೋಣ ಎಂದು ಎರಡು ವರ್ಷ ಕಾಯಬೇಡಿ. ಓದಿನ ಜೊತೆಗೇ ಬರೆಯುತ್ತಾ ಹೋಗಿ.

ಪಾಠ ಹೇಳುವ ಆಸೆ ಒಂದಿಷ್ಟಾದರೂ ಇದ್ದರೆ ಎಂ.ಕಾಂ ಸೇರಿ. ನಮ್ಮ ರಾಜ್ಯದಲ್ಲಿ ಪಿಯು ಕಾಲೇಜಿನ ವಾಣಿಜ್ಯಶಾಸ್ತ್ರ ಉಪನ್ಯಾಸಕರಾಗಲು ಎಂ.ಕಾಂನಲ್ಲಿ ಶೇ 55 ಅಂಕ ಮತ್ತು ಬಿ.ಇಡಿ ಕೇಳುತ್ತಾರೆ. ಪದವಿ ಕಾಲೇಜಿಗಾದರೆ ಎನ್‌ಇಟಿ ಅಥವಾ ಕೆ–ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಎನ್‌ಇಟಿಯಲ್ಲಿ ವಾಣಿಜ್ಯಶಾಸ್ತ್ರ 08ನೇ ವಿಷಯ, ಮ್ಯಾನೇಜ್‌ಮೆಂಟ್ 17ನೇ ವಿಷಯ. ಹಲವು ಕಡೆ ಪದವಿಗೆ ‘ಬ್ಯಾಂಕಿಂಗ್ ಅಂಡ್ ಫೈನಾನ್ಸ್’, ‘ಫೈನಾನ್ಷಿಯಲ್ ಅನಾಲಿಸಿಸ್’ ಎಂದೆಲ್ಲ ಆಕರ್ಷಕ ಹೆಸರಿಡುತ್ತಾರೆ. ಓದು ಚೆನ್ನಾಗಿಯೇ ಇರಬಹುದು. ಆದರೆ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ಅಧಿಸೂಚನೆ ಕೇಳಿದ ಪದವಿ ಎಂ.ಕಾಂ, ನಿಮ್ಮ ಕೈಲಿರುವುದು ಬೇರೆ ಹೆಸರಿನದು ಎಂದಾದಾಗ ತತ್ಸಮಾನ ಪತ್ರಕ್ಕಾಗಿ ಓಡಾಟ ಶುರುವಾಗುತ್ತದೆ. ಸೇರುವ ಮೊದಲೇ ಕಚೇರಿಯಲ್ಲಿ ಕೇಳಿ: ಘಟಿಕೋತ್ಸವದ ಪ್ರಮಾಣಪತ್ರದಲ್ಲಿ ಅಚ್ಚಾಗುವ ಪದವಿಯ ಹೆಸರು ಏನು, ಅದನ್ನು ಕೊಡುವ ವಿಶ್ವವಿದ್ಯಾಲಯ ಯಾವುದು? ಹಾಸನದ ಹೇಮಗಂಗೋತ್ರಿ ಹಿಂದೆ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು, 2023ರಲ್ಲಿ ಹಾಸನ ವಿಶ್ವವಿದ್ಯಾಲಯ ಆರಂಭವಾಯಿತು. ಚಿಕ್ಕಮಗಳೂರು ಜಿಲ್ಲೆಯ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯವು. ಹಿರಿಯ ವಿದ್ಯಾರ್ಥಿಗಳ ಹಳೆಯ ಮಾಹಿತಿಯನ್ನೇ ನಂಬಿ ಕೂರಬೇಡಿ.

ಖಾಸಗಿ ಬ್ಯಾಂಕ್, ಹಣಕಾಸು ಕಂಪನಿ, ವಿಮೆ, ಸಾಲ ಪರಿಶೀಲನೆಯಂಥ ಕೆಲಸದತ್ತ ಮನಸ್ಸಿದ್ದರೆ ಎಂಬಿಎಗೆ ಬೆಲೆಯಿದೆ. ಆದರೆ ಆ ಬೆಲೆ ಕಾಲೇಜಿನಿಂದ ಕಾಲೇಜಿಗೆ ತುಂಬ ಬದಲಾಗುತ್ತದೆ. ಪ್ರವೇಶ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಮೂಲಕ. ಪದವಿಯಲ್ಲಿ ಶೇ 50, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ–1ರವರಿಗೆ ಶೇ 45 ಅಂಕ ಇರಬೇಕು. ಕ್ಯಾಂಪಸ್ ಸಂದರ್ಶನಕ್ಕೆ ಬಂದ ಕಂಪನಿಗಳ ಪಟ್ಟಿ ತೋರಿಸಿದರೆ ಅಷ್ಟಕ್ಕೇ ತೃಪ್ತರಾಗಬೇಡಿ. ಕಳೆದ ವರ್ಷ ಫೈನಾನ್ಸ್ ವಿಭಾಗದಿಂದ ಎಷ್ಟು ಜನರಿಗೆ, ಯಾವ ಹುದ್ದೆಗೆ ನೇಮಕ ಪತ್ರ ಸಿಕ್ಕಿತು ಎಂದು ಕೇಳಿ. ವಿಮೆ ಪಾಲಿಸಿ, ಕ್ರೆಡಿಟ್ ಕಾರ್ಡ್ ಮಾರುವ ಹುದ್ದೆಯನ್ನೂ ‘ಬ್ಯಾಂಕ್ ಪ್ಲೇಸ್‌ಮೆಂಟ್’ ಎಂದೇ ಲೆಕ್ಕಕ್ಕೆ ಹಿಡಿಯುವುದುಂಟು.

ನೀವು ಬಿ.ಕಾಂ ಮಾಡಿದವರು, ಹಾಸನದಲ್ಲೇ ಇರಬೇಕು ಎನ್ನುತ್ತೀರಿ. ನಮ್ಮ ಸಲಹೆ ಎಂ.ಕಾಂ. ಶುಲ್ಕ ಕಡಿಮೆ, ಪಾಠ ಹೇಳುವ ದಾರಿಯೂ ತೆರೆದಿರುತ್ತದೆ, ಬ್ಯಾಂಕ್ ಪರೀಕ್ಷೆಗೂ ಅಡ್ಡಿಯಿಲ್ಲ.

ಡಿಗ್ರಿಯಲ್ಲಿ ನನಗೆ ಶೇ 57 ಬಂದಿದೆ. ಆರ್‌ಬಿಐ, ನಬಾರ್ಡ್ ಪರೀಕ್ಷೆಗೆ ಶೇ 60 ಬೇಕಂತೆ. ಇನ್ನು ಆಸೆ ಬಿಡಬೇಕೇ?
– ಓದುಗ, ಅರಸೀಕೆರೆ

ಬಿಡಬೇಡಿ. ಆರ್‌ಬಿಐ ಗ್ರೇಡ್ ಬಿ ಸಾಮಾನ್ಯ ವಿಭಾಗಕ್ಕೂ ನಬಾರ್ಡ್ ಗ್ರೇಡ್ ಎ ಹುದ್ದೆಗೂ ಪದವಿಯಲ್ಲಿ ಶೇ 60 ಇಲ್ಲದಿದ್ದರೆ ಸ್ನಾತಕೋತ್ತರದಲ್ಲಿ ಶೇ 55 ಇದ್ದರೂ ನಡೆಯುತ್ತದೆ. ಮೀಸಲಾತಿ ವರ್ಗಗಳಿಗೆ ಇನ್ನಷ್ಟು ರಿಯಾಯಿತಿ ಇದೆ. ಸೆಬಿ ಗ್ರೇಡ್ ಎ ಸಾಮಾನ್ಯ ವಿಭಾಗಕ್ಕೆ ಯಾವುದೇ ವಿಷಯದ ಸ್ನಾತಕೋತ್ತರ ಪದವಿ ಆಗುತ್ತದೆ. ನಿಮ್ಮಂಥವರಿಗೆ ಎರಡು ವರ್ಷದ ಓದಿನಿಂದ ಸಿಗುವ ದೊಡ್ಡ ಲಾಭವೇ ಇದು.

ಎಚ್ಚರ ಬೇಕಾದದ್ದು ಲೆಕ್ಕದಲ್ಲಿ. ಶೇ 54.99 ಬಂದರೆ ಅದನ್ನು 55 ಎಂದು ಯಾರೂ ಎಣಿಸುವುದಿಲ್ಲ. ನೋಡುವುದು ಕೊನೆಯ ಸೆಮಿಸ್ಟರ್ ಒಂದನ್ನೇ ಅಲ್ಲ, ಎಲ್ಲ ಸೆಮಿಸ್ಟರ್‌ಗಳ ಒಟ್ಟು ಅಂಕವನ್ನು. ಅಂಕಪಟ್ಟಿಯಲ್ಲಿ ಸಿಜಿಪಿಎ ಮಾತ್ರ ಇದ್ದರೆ ನಿಮ್ಮ ವಿಶ್ವವಿದ್ಯಾಲಯದ ಸೂತ್ರದ ಪ್ರಕಾರ ಶೇಕಡಾವಾರು ಪತ್ರ ತೆಗೆಸಿಟ್ಟುಕೊಳ್ಳಿ. ಸಂದರ್ಶನದ ವಾರ ಅದಕ್ಕಾಗಿ ಪರೀಕ್ಷಾಂಗ ವಿಭಾಗದ ಮುಂದೆ ನಿಲ್ಲುವುದು ಬೇಡ. ಇನ್ನೊಂದು ವಿಷಯ: ಗ್ರೇಡ್ ಬಿ ಎರಡನೇ ಹಂತದಲ್ಲಿ ಹಣಕಾಸು ಮತ್ತು ನಿರ್ವಹಣೆಯದೇ ಒಂದು ಪತ್ರಿಕೆಯಿದೆ. ಎಂ.ಕಾಂ ತರಗತಿಯ ಟಿಪ್ಪಣಿಯನ್ನು ಜೋಪಾನ ಮಾಡಿದರೆ ಅದರಲ್ಲಿ ಅರ್ಧ ದಾರಿ ಸಾಗಿದಂತೆ.

ನಾಲ್ಕನೇ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ಇದೆ. ‘ಕಾಫಿ ಬೆಳೆಗಾರರ ಸಾಲ ಮತ್ತು ಎನ್‌ಪಿಎ’ (ಎಂದರೆ ಮರುಪಾವತಿ ನಿಂತ ಕೆಟ್ಟ ಸಾಲ) ಎಂದುಕೊಂಡಿದ್ದೇನೆ. ಬ್ಯಾಂಕ್ ಮ್ಯಾನೇಜರ್ ಮಾಹಿತಿ ಕೊಡುವುದಿಲ್ಲ ಎಂದುಬಿಟ್ಟರು. ವಿಷಯ ಬದಲಿಸಲೇ?
– ವಿದ್ಯಾರ್ಥಿ, ಮೂಡಿಗೆರೆ

ಬದಲಿಸಬೇಡಿ. ಇಷ್ಟು ಒಳ್ಳೆಯ ವಿಷಯ ಕಾಲಬುಡದಲ್ಲೇ ಇರುವಾಗ ಗ್ರಾಹಕ ತೃಪ್ತಿಯ ಬಗ್ಗೆ ನೂರು ಜನರಿಗೆ ಪ್ರಶ್ನಾವಳಿ ಹಂಚಿ ಪೈ ಚಾರ್ಟ್ ಬರೆಯುವ ಕಡೆ ಹೋಗಬೇಡಿ. ಮ್ಯಾನೇಜರ್ ಹೇಳಿದ್ದೂ ಸರಿಯೇ. ಗ್ರಾಹಕರ ಖಾತೆಯ ವಿವರ ಗೋಪ್ಯ, ಅದನ್ನು ಕೊಡುವ ಅಧಿಕಾರ ಅವರಿಗಿಲ್ಲ. ನೀವು ಕೇಳಬೇಕಾದದ್ದು ಬೇರೆ, ಕೇಳಬೇಕಾದ ಕಡೆಯೂ ಬೇರೆ.

ಜಿಲ್ಲಾ ಮಟ್ಟದ ಅಂಕಿಅಂಶ ಸಾರ್ವಜನಿಕವಾಗಿಯೇ ಇದೆ. ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿ (ಎಸ್‌ಎಲ್‌ಬಿಸಿ) ತನ್ನ ಸಭೆಯ ಕಾರ್ಯಸೂಚಿಯಲ್ಲಿ ಜಿಲ್ಲಾವಾರು ಠೇವಣಿ, ಸಾಲ, ಆದ್ಯತಾ ವಲಯದ ವಿವರ ಪ್ರಕಟಿಸುತ್ತದೆ. ನಬಾರ್ಡ್ ಪ್ರತಿ ಜಿಲ್ಲೆಗೂ ಸಾಲದ ಸಾಮರ್ಥ್ಯ ಅಂದಾಜಿಸುವ ಯೋಜನಾ ಪುಸ್ತಕ ತರುತ್ತದೆ. ಅದರಲ್ಲಿ ತೋಟಗಾರಿಕೆ, ಪ್ಲಾಂಟೇಷನ್ ಬೆಳೆಗಳದೇ ಭಾಗವಿರುತ್ತದೆ. ಜಿಲ್ಲೆಯ ಬ್ಯಾಂಕುಗಳ ಕೆಲಸ ಸಮನ್ವಯ ಮಾಡುವ ಲೀಡ್ ಬ್ಯಾಂಕ್ ಕಚೇರಿಗೆ ವಿಭಾಗದ ಮುಖ್ಯಸ್ಥರ ಪತ್ರ ತೆಗೆದುಕೊಂಡು ಹೋಗಿ, ವಾರ್ಷಿಕ ಸಾಲ ಯೋಜನೆಯ ಗುರಿ–ಸಾಧನೆಯ ಪಟ್ಟಿ ಕೇಳಿ. ಯಾರ ಹೆಸರೂ ಇಲ್ಲದ ಒಟ್ಟು ಮೊತ್ತ ಸಾಕು ಎಂದು ಪತ್ರದಲ್ಲೇ ಬರೆಸಿ. ಆ ಒಂದು ಸಾಲಿನಿಂದ ಬಹಳಷ್ಟು ಬಾಗಿಲು ತೆರೆಯುತ್ತವೆ.

ಇನ್ನು ಪ್ರಾಜೆಕ್ಟಿನ ಹೂರಣ. ಸಾಮಾನ್ಯ ಸಾಲದ ಕಂತು ಅಥವಾ ಬಡ್ಡಿ 90 ದಿನ ಮೀರಿ ಬಾಕಿ ಉಳಿದರೆ ಎನ್‌ಪಿಎ. ಅದಕ್ಕೆ ಮುನ್ನ ಅದು ನಿಗಾ ಇಡಬೇಕಾದ ಖಾತೆ (ಎಸ್‌ಎಂಎ): 30 ದಿನದವರೆಗೆ ಎಸ್‌ಎಂಎ–0, 31ರಿಂದ 60 ಎಸ್‌ಎಂಎ–1, 61ರಿಂದ 90 ಎಸ್‌ಎಂಎ–2. ಬೆಳೆ ಸಾಲಕ್ಕೆ ಈ 90 ದಿನದ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಪಾವಧಿ ಬೆಳೆಗಾದರೆ ಎರಡು ಬೆಳೆ ಹಂಗಾಮು, ದೀರ್ಘಾವಧಿ ಬೆಳೆಗಾದರೆ ಒಂದು ಹಂಗಾಮು ಬಾಕಿ ಉಳಿದಾಗ ಎನ್‌ಪಿಎ. ಯಾವ ಬೆಳೆಗೆ ಹಂಗಾಮು ಎಷ್ಟು ಎಂಬುದನ್ನು ನಿಗದಿ ಮಾಡುವುದೂ ಎಸ್‌ಎಲ್‌ಬಿಸಿಯೇ. ಹೆಚ್ಚಿನ ವಿದ್ಯಾರ್ಥಿಗಳು ಎಡವುವುದು ಇಲ್ಲೇ: ತೋಟದ ಬೆಳೆ ಸಾಲಕ್ಕೂ, ಅದೇ ಬೆಳೆಗಾರರ ಕಾರು, ಹೋಂಸ್ಟೇ ಸಾಲಕ್ಕೂ ಒಂದೇ ಅಳತೆಗೋಲು ಹಿಡಿದುಬಿಡುತ್ತಾರೆ. ಮೂಡಿಗೆರೆ, ಸಕಲೇಶಪುರದ ಕಡೆ ಒಬ್ಬರೇ ಬೆಳೆಗಾರರಿಗೆ ಈ ಮೂರೂ ಇರುವುದು ಅಪರೂಪವಲ್ಲ. ಆದ್ದರಿಂದ ಮೊದಲ ಅಧ್ಯಾಯದಲ್ಲೇ ಸಾಲಗಳನ್ನು ಬೇರ್ಪಡಿಸಿ.

ವಸೂಲಾತಿಯ ಅಧ್ಯಾಯಕ್ಕೆ, ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ಪಡೆದು ಸಾಲ ವಸೂಲಿ ಮಾಡಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆ ಓದಲೇಬೇಕು. ಸೆಕ್ಷನ್ 13(2)ರ ನೋಟಿಸ್ ಕೊಟ್ಟ ಮೇಲೆ ಸಾಲಗಾರರಿಗೆ 60 ದಿನ ಕಾಲಾವಕಾಶ. ಸೆಕ್ಷನ್ 31(ಐ) ಕೃಷಿ ಭೂಮಿಯ ಮೇಲಿನ ಅಡಮಾನವನ್ನು ಕಾಯ್ದೆಯಿಂದ ಹೊರಗಿಡುತ್ತದೆ. ಕಾಫಿ ತೋಟಕ್ಕೆ ಆ ರಕ್ಷಣೆ ಇದೆಯೇ ಎಂಬುದರ ಮೇಲೆಯೇ ಬೆಳೆಗಾರರಿಗೂ ಬ್ಯಾಂಕುಗಳಿಗೂ ತಕರಾರು. ತೀರ್ಪು ಕೊಡುವ ಕೆಲಸ ನಿಮ್ಮದಲ್ಲ. ಎರಡೂ ಕಡೆಯ ವಾದವನ್ನು ನಿಷ್ಪಕ್ಷಪಾತವಾಗಿ ಬರೆದರೆ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ನಿಮ್ಮೊಂದಿಗೆ ಚರ್ಚೆಗೇ ಇಳಿಯುತ್ತಾರೆ.

ಅಂಕಿಅಂಶ ಕಲೆಹಾಕುವಾಗ ಮೂರು ಹಳ್ಳಗಳಿವೆ. ಒಂದು, ವಿಲೀನ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಕೆನರಾದ 2019–20ರ ಅಂಕಿಯನ್ನು 2020–21ರ ಪಕ್ಕದಲ್ಲಿಟ್ಟು ‘ಸಾಲ ಇಷ್ಟು ಪಟ್ಟು ಬೆಳೆಯಿತು’ ಎಂದು ಬರೆದರೆ ತಪ್ಪು. ಹಿಂದಿನ ವರ್ಷಕ್ಕೆ ಎರಡೂ ಬ್ಯಾಂಕುಗಳ ಮೊತ್ತ ಕೂಡಿಸಬೇಕು. ಗ್ರಾಮೀಣ ಬ್ಯಾಂಕಿನ ಕಥೆಯೂ ಹಾಗೆಯೇ: ಚಿಕ್ಕಮಗಳೂರು–ಕೊಡಗು ಗ್ರಾಮೀಣ ಬ್ಯಾಂಕ್ 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನ ಭಾಗವಾಯಿತು, ಅದು 2019ರಲ್ಲಿ ಮತ್ತೊಂದರ ಜೊತೆ ಸೇರಿತು, 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್. ಎರಡು, ಕೊರೊನಾ ಕಾಲ. 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕಂತು ಮುಂದೂಡುವ ಅವಕಾಶವಿತ್ತು, ಆಮೇಲೆ 2021ರ ಮಾರ್ಚ್‌ವರೆಗೆ ಹೊಸ ಎನ್‌ಪಿಎ ಘೋಷಣೆಗೆ ಸುಪ್ರೀಂ ಕೋರ್ಟಿನ ತಡೆಯಿತ್ತು. ಆ ಅವಧಿಯ ಕಡಿಮೆ ಎನ್‌ಪಿಎಯನ್ನು ಒಳ್ಳೆಯ ವಸೂಲಾತಿ ಎಂದು ಓದಬಾರದು.

ಮೂರನೆಯದು ಕಣ್ಣಿಗೆ ಬೀಳುವುದೇ ಇಲ್ಲ. 100 ಕೋಟಿ ಸಾಲದಲ್ಲಿ 5 ಕೋಟಿ ಎನ್‌ಪಿಎ ಇದ್ದರೆ ಶೇ 5. ಮರುವರ್ಷ ಸಾಲ 140 ಕೋಟಿಗೆ ಏರಿ ಎನ್‌ಪಿಎ 5.6 ಕೋಟಿ ಆದರೆ ಶೇ 4. ಕೆಟ್ಟ ಸಾಲ 60 ಲಕ್ಷ ಹೆಚ್ಚಿದೆ, ಪ್ರಮಾಣ ಮಾತ್ರ ಇಳಿದಿದೆ. ಪುಸ್ತಕದಿಂದ ತೆಗೆದುಹಾಕಿದ ಸಾಲ, ಅಂದರೆ ರೈಟ್ ಆಫ್ ಮಾಡಿದ್ದು, ಈ ಪ್ರಮಾಣವನ್ನು ಇನ್ನೂ ತಗ್ಗಿಸುತ್ತದೆ. ಹಾಗಾಗಿ ಶೇಕಡಾ ಪ್ರಮಾಣದ ಜೊತೆಗೆ ವರ್ಷದಲ್ಲಿ ಹೊಸದಾಗಿ ಸೇರಿದ ಎನ್‌ಪಿಎ, ವಸೂಲಾದದ್ದು, ರೈಟ್ ಆಫ್ ಆದದ್ದು – ಮೂರನ್ನೂ ಒಂದೇ ಕೋಷ್ಟಕದಲ್ಲಿ ಕೊಡಿ. ಬ್ಯಾಂಕಿನ ವಾರ್ಷಿಕ ವರದಿಯಲ್ಲಿ ಇದು ಷೆಡ್ಯೂಲ್ 18ರ ಟಿಪ್ಪಣಿಗಳಲ್ಲಿ ಸಿಗುತ್ತದೆ. ಷೆಡ್ಯೂಲ್ 9 ಸಾಲಗಳದ್ದು. ಅಧ್ಯಕ್ಷರ ಭಾಷಣದ ಪುಟಗಳನ್ನು ದಾಟಿ ನೇರ ಅಲ್ಲಿಗೇ ಹೋಗಿ.

ಗಣಿತ ಬಿಟ್ಟು ಆರು ವರ್ಷವಾಯಿತು. ಸೆಕ್ಯುರಿಟಿ ಅನಾಲಿಸಿಸ್, ಡಿರೈವೇಟಿವ್ಸ್ ಪತ್ರಿಕೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಎಲ್ಲಿಂದ ಶುರು ಮಾಡಲಿ?
– ವಿದ್ಯಾರ್ಥಿನಿ, ಚನ್ನರಾಯಪಟ್ಟಣ

ಹಣದ ಕಾಲಮೌಲ್ಯದಿಂದ, ಅಂದರೆ ಮುಂದೆ ಬರುವ ಹಣಕ್ಕೆ ಇವತ್ತಿನ ಬೆಲೆ ಎಷ್ಟು ಎಂಬ ಲೆಕ್ಕದಿಂದ. ಮುಂದಿನ ಎಲ್ಲ ಪತ್ರಿಕೆಗಳಿಗೂ ಅದೇ ಅಡಿಪಾಯ. ಒಂದು ಲೆಕ್ಕ ಕೈಯಲ್ಲೇ ಮಾಡಿ ನೋಡಿ. 1,000 ರೂಪಾಯಿ ಮುಖಬೆಲೆಯ ಬಾಂಡ್, ವರ್ಷಕ್ಕೆ ಶೇ 8 ಬಡ್ಡಿ, ಅವಧಿ ಮೂರು ವರ್ಷ. ಮಾರುಕಟ್ಟೆಯಲ್ಲಿ ಈಗ ಶೇ 10 ಸಿಗುತ್ತಿದೆ. ಮೊದಲ ವರ್ಷದ 80 ರೂಪಾಯಿಯನ್ನು 1.10ರಿಂದ ಭಾಗಿಸಿ: 72.73. ಎರಡನೇ ವರ್ಷದ 80ನ್ನು 1.21ರಿಂದ: 66.12. ಮೂರನೇ ವರ್ಷದ 1,080ನ್ನು 1.331ರಿಂದ: 811.42. ಕೂಡಿಸಿದರೆ ಸುಮಾರು 950 ರೂಪಾಯಿ 26 ಪೈಸೆ, ಅದೇ ಇವತ್ತಿನ ಬೆಲೆ. ಮಾರುಕಟ್ಟೆ ದರ ಶೇ 11 ಆದರೆ ಬೆಲೆ 926.69ಕ್ಕೆ ಇಳಿಯುತ್ತದೆ. ಬಡ್ಡಿ ದರ ಏರಿದಾಗ ಬ್ಯಾಂಕಿನ ಕೈಲಿರುವ ಸರ್ಕಾರಿ ಬಾಂಡ್‌ಗಳ ಬೆಲೆ ಯಾಕೆ ಇಳಿಯುತ್ತದೆ ಎಂಬುದು ಈ ಎರಡು ಸಂಖ್ಯೆಗಳಲ್ಲೇ ಇದೆ.

ಕೈಯಲ್ಲಿ ಬಂದ ಮೇಲೆ ಎಕ್ಸೆಲ್‌ನ ಪಿವಿ (ಇವತ್ತಿನ ಬೆಲೆ) ಸೂತ್ರದಲ್ಲಿ ಮಾಡಿ. ಉತ್ತರ ಋಣ ಸಂಖ್ಯೆಯಾಗಿ ಬಂದರೆ ಗಾಬರಿ ಬೇಡ, ಅದು ನಿಮ್ಮ ಕೈಯಿಂದ ಹೋಗುವ ಹಣ ಎಂದಷ್ಟೇ ಅರ್ಥ. ದರದ ಜಾಗದಲ್ಲಿ ಶೇಕಡಾ ಚಿಹ್ನೆ ಬಿಟ್ಟು ಬರೀ 10 ಎಂದು ಹಾಕಿದರೆ ಶೇ 1,000 ಎಂದು ಓದಿಕೊಳ್ಳುತ್ತದೆ. ಉತ್ತರ ವಿಚಿತ್ರವಾಗಿ ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ. ದಿನಕ್ಕೆ ಎರಡೇ ಲೆಕ್ಕ ಮಾಡಿದರೂ ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಭಯ ಹೋಗುತ್ತದೆ. ಡಿರೈವೇಟಿವ್ಸ್ ಪತ್ರಿಕೆಯನ್ನು ಅಲ್ಲಿಯವರೆಗೆ ಮುಟ್ಟಲೇಬೇಡಿ.

ಎಂ.ಕಾಂ ಜೊತೆಗೇ ಜೆಎಐಐಬಿ ಬರೆದರೆ ಬ್ಯಾಂಕ್ ಕೆಲಸ ಬೇಗ ಸಿಗುತ್ತದಂತೆ, ಹೌದೇ? ಬೇರೆ ಯಾವ ಸರ್ಟಿಫಿಕೇಟ್ ಮಾಡಬಹುದು?
– ಓದುಗ, ಕಡೂರು

ಜೆಎಐಐಬಿ ನೀವು ಈಗ ಬರೆಯುವಂತಿಲ್ಲ. ಅದು ಈಗಾಗಲೇ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾ, ಆ ಪರೀಕ್ಷೆ ನಡೆಸುವ ಐಐಬಿಎಫ್ ಸಂಸ್ಥೆಯ ಸದಸ್ಯರಾದವರಿಗೆ. ‘ನಾವು ಪರೀಕ್ಷೆ ಕಟ್ಟಿಸಿಕೊಡುತ್ತೇವೆ’ ಎನ್ನುವ ತರಬೇತಿ ಕೇಂದ್ರಕ್ಕೆ ಹಣ ಕೊಡಬೇಡಿ. ಅದೇ ಸಂಸ್ಥೆಯ ಕೆವೈಸಿ ಮತ್ತು ಅಕ್ರಮ ಹಣ ವರ್ಗಾವಣೆ ತಡೆ ಕುರಿತ ಪರೀಕ್ಷೆಯನ್ನು ಸದಸ್ಯರಲ್ಲದವರೂ ಬರೆಯಬಹುದು.

ಎನ್‌ಐಎಸ್‌ಎಂ ಸಂಸ್ಥೆ ನಡೆಸುವ ಷೇರು, ಹೂಡಿಕೆ ಮಾರುಕಟ್ಟೆ ಕುರಿತ ಪರೀಕ್ಷೆಗಳು ವಿದ್ಯಾರ್ಥಿಗಳಿಗೆ ಹೆಚ್ಚು ಉಪಯೋಗ. ಮ್ಯೂಚುವಲ್ ಫಂಡ್ ವಿತರಕರ ಪರೀಕ್ಷೆ, ಅಂದರೆ ಸೀರೀಸ್ 5–ಎ, 100 ಅಂಕದ್ದು, ಎರಡು ಗಂಟೆ, 50 ಬಂದರೆ ಪಾಸ್, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸೀರೀಸ್ 8, ಈಕ್ವಿಟಿ ಡಿರೈವೇಟಿವ್ಸ್, ಬಿಗಿಯಾದದ್ದು: 60 ಬೇಕು, ತಪ್ಪಿಗೆ ಕಾಲು ಅಂಕ ಹೋಗುತ್ತದೆ. ಪ್ರಮಾಣಪತ್ರದ ಆಯುಸ್ಸು ಮೂರು ವರ್ಷ. ಹಾಗಾಗಿ ಮೊದಲ ವರ್ಷವೇ ಬರೆದು ಮುಗಿಸುವ ಅವಸರ ಬೇಡ, ನಾಲ್ಕನೇ ಸೆಮಿಸ್ಟರ್‌ನಲ್ಲಿ ಬರೆಯಿರಿ.