ಹನ್ನೆರಡು ವರ್ಷದ 'ಅಳಿಯ'

ಪ್ರಶ್ನೆ: 19ನೇ ಶತಮಾನದ ಇಂಗ್ಲೆಂಡಿನ ಕುಟುಂಬ ಜೀವನದ ಬಗ್ಗೆ ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. ಜನಗಣತಿಯಲ್ಲಿ ಅದೇ ಒಬ್ಬ ಹೆಂಗಸಿಗೆ 1841ರಲ್ಲಿ 35 ವರ್ಷ, 1851ರಲ್ಲಿ 48. ಇನ್ನೊಂದು ಮನೆಯಲ್ಲಿ 12 ವರ್ಷದ ಹುಡುಗ ಯಜಮಾನನಿಗೆ 'ಸನ್-ಇನ್-ಲಾ', ಕಸುಬು 'ಸ್ಕಾಲರ್'! ಬರೆದವರಿಗೆ ತಲೆ ಕೆಟ್ಟಿತ್ತೇ?
– ಓದುಗರು, ಕುಂಬಳೆ

ಉತ್ತರ: ಬರೆದವರ ತಲೆ ಸರಿಯಾಗಿಯೇ ಇತ್ತು. 1841ರ ಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಕೆಳಗಿನ ಐದರ ಅಂಕಿಗೆ ಇಳಿಸಿ ಬರೆಯಬೇಕಿತ್ತು. 35 ಅಂದರೆ 35ರಿಂದ 39ರ ನಡುವೆ ಎಲ್ಲಾದರೂ ಆಗಬಹುದು. ಈ ಎರಡರಲ್ಲಿ ಮೊದಲ ಗಣತಿ 1841ರ ಜೂನ್ 6, ಎರಡನೆಯದು 1851ರ ಮಾರ್ಚ್ 30; ಹತ್ತು ವರ್ಷಕ್ಕೆ ಎರಡು ತಿಂಗಳು ಕಡಿಮೆ. 1851ರಲ್ಲಿ 48 ಆದವಳಿಗೆ ಆಗ 38 ಅಥವಾ 39. ಲೆಕ್ಕ ಕೂಡಿತಲ್ಲ! ಆದರೆ ಕೆಲವು ಗಣತಿದಾರರು ನಿಯಮ ಬಿಟ್ಟು ನಿಜವಾದ ವಯಸ್ಸನ್ನೇ ಬರೆದದ್ದೂ ಉಂಟು. ಆ ಗಣತಿದಾರನ ಪುಸ್ತಕದ ನಾಲ್ಕೈದು ಪುಟ ತಿರುವಿ ನೋಡಿ. ದೊಡ್ಡವರ ವಯಸ್ಸೆಲ್ಲ 20, 25, 30 ಎಂದೇ ಇದ್ದರೆ ಇಳಿಸಿದ್ದಾರೆ.

'ಸನ್-ಇನ್-ಲಾ' ಅಂದರೆ ಆ ಕಾಲದಲ್ಲಿ ಮಗಳ ಗಂಡ ಮಾತ್ರವಲ್ಲ, ಹೆಂಡತಿಯ ಮೊದಲ ಮದುವೆಯ ಮಗನೂ ಹೌದು. ಅಳಿಯಸಂತಾನ ಕಂಡ ನಮ್ಮ ಕಡೆಯವರಿಗೆ ಇದು ವಿಚಿತ್ರ ಅನಿಸಬಾರದು: 'ಅಳಿಯ' ಮಗಳ ಗಂಡನೋ ಅಕ್ಕನ ಮಗನೋ ಎಂದು ಹೊರಗಿನವರು ಕೇಳಿಯೇ ತಿಳಿಯಬೇಕು. ಹುಡುಗನ ಮನೆತನದ ಹೆಸರು ಯಜಮಾನನದ್ದಕ್ಕಿಂತ ಬೇರೆಯಿದ್ದರೆ ಮಲಮಗ ಎಂಬ ಅನುಮಾನ ಬಲವಾಗುತ್ತದೆ. ಖಾತ್ರಿಗೆ ತಾಯಿಯ ಮದುವೆ ದಾಖಲೆ ಹುಡುಕಿ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಸರ್ಕಾರಿ ನೋಂದಣಿ 1837ರ ಜುಲೈ 1ರಿಂದ ಇದೆ. ವಧು ವಿಧವೆಯಾಗಿದ್ದರೆ ಅದರಲ್ಲಿ ಬರೆದಿರುತ್ತದೆ. ಹುಡುಗನ ಜನನ ನೋಂದಣಿ ಸಿಗದಿದ್ದರೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕ ನೋಡಿ, ಆಗ ಎಲ್ಲ ಮಗುವಿನ ಜನನವೂ ನೋಂದಣಿ ಆಗುತ್ತಿರಲಿಲ್ಲ. 'ಸ್ಕಾಲರ್' ಬರೀ ಓದುವ ಹುಡುಗ. ವಿದ್ವಾಂಸ ಎಂದು ಪ್ರಬಂಧದಲ್ಲಿ ಬರೆದುಬಿಟ್ಟೀರಿ!

1841ರಲ್ಲಿ ಸಂಬಂಧದ ಕಾಲಮ್ಮೇ ಇರಲಿಲ್ಲ. ಒಂದೇ ಮನೆತನದ ಹೆಸರಿನ ಗಂಡಸು ಹೆಂಗಸನ್ನು ಕಂಡು ದಂಪತಿ ಎಂದು ಎಣಿಸಬೇಡಿ, ಅಣ್ಣ ತಂಗಿಯೂ ಇರಬಹುದು. 1851ರಲ್ಲಿ 'ಹೆಂಡತಿ' ಎಂದಿದ್ದೂ ಗಂಡನ ಹೆಸರು ಕಾಣದಿದ್ದರೆ, ಅವನು ಸತ್ತನೆಂದು ಬರೆಯಬೇಡಿ. ಗಣತಿಯ ರಾತ್ರಿ ಹಡಗಿನಲ್ಲೋ ಬೇರೆ ಊರಲ್ಲೋ ಮಲಗಿದ್ದಿರಬಹುದು.

ಇನ್ನು ಹೆಂಗಸರ ಕಸುಬಿನ ಕಾಲಮ್ಮು. ಅದು ಖಾಲಿ ಇದ್ದರೆ ಅವಳು ದುಡಿಯುತ್ತಿರಲಿಲ್ಲ ಎಂದಲ್ಲ. ಬಟ್ಟೆ ಒಗೆದು, ಹೊಲಿದು, ಬಾಡಿಗೆದಾರರಿಗೆ ಅಡುಗೆ ಮಾಡಿ ಗಳಿಸಿದ್ದು ಎಷ್ಟೋ ಸಲ ದಾಖಲಾಗಲಿಲ್ಲ. ಮನೆಯಲ್ಲೇ ಬೀಡಿ ಕಟ್ಟುವವಳು, ಅಡಿಕೆ ಸುಲಿಯುವವಳು ನಮ್ಮಲ್ಲಿ ಅರ್ಜಿಯ ಮೇಲೆ 'ಗೃಹಿಣಿ' ಆಗುವ ಹಾಗೆ.