ಕಮ್ಮಿ ರೇಟಿನ ಮಟನ್ ಮೆತ್ತಗಾಗುದು ಹೇಗೆ?

ಪ್ರಶ್ನೆ: ಅಕ್ಕಾ, ಆಡಿನ ಕುತ್ತಿಗೆ, ಕಾಲಿನ ತುಂಡು ಕಮ್ಮಿಗೆ ಸಿಕ್ತು ಅಂತ ತಂದೆ, ಜೋರು ಬೆಂಕಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದ್ರೂ ರಬ್ಬರಿನ ಹಾಗೆ ಉಂಟು. ಏನು ಮಾಡುದು?
– ಓದುಗರೊಬ್ಬರು, ಉಪ್ಪಳ

ಉತ್ತರ: ಮಾಂಸದ ತಪ್ಪಲ್ಲ, ಟೈಮ್ ಸಾಕಾಗ್ಲಿಲ್ಲ. ಆಡು ಹೆಚ್ಚು ದುಡಿಸುವ ಭಾಗ ಇದು, ಹಾಗಾಗಿ ಇದ್ರಲ್ಲಿ ಕೊಲಾಜೆನ್ (ಮಾಂಸವನ್ನು ಹಿಡಿದಿಡುವ ಗಟ್ಟಿ ಅಂಶ) ಜಾಸ್ತಿ, ಅದು ಕರಗಿ ಮೆತ್ತಗಿನ ಜೆಲಾಟಿನ್ ಆಗ್ಲಿಕ್ಕೆ ಗಂಟೆಗಟ್ಟಲೆ ಸಣ್ಣ ಬಿಸಿ ಬೇಕು, ಕೊತಕೊತ ಕುದಿಸಿದ್ರೆ ಮಾಂಸದ ನಾರು ಬಿಗಿದು ನೀರು ಬಿಡ್ತದೆ ಅಷ್ಟೆ. ದಪ್ಪ ತಳದ ಪಾತ್ರೆಯಲ್ಲಿ ತೆಂಗಿನೆಣ್ಣೆ ಹಾಕಿ ತುಂಡುಗಳನ್ನು ಕೆಂಪಗೆ ಹುರೀರಿ, ಇದನ್ನು ಮಾತ್ರ ಬಿಡ್ಬೇಡಿ, ರುಚಿ ಇರುದೇ ಅಲ್ಲಿ. ಮತ್ತೆ ನೀರುಳ್ಳಿ, ಶುಂಠಿ, ಕಾಳುಮೆಣಸು, ಮಾಂಸ ಅರ್ಧ ಮುಳುಗುವಷ್ಟು ಬಿಸಿನೀರು ಹಾಕಿ, ಮುಚ್ಚಳದ ಸುತ್ತ ಹಿಟ್ಟು ಮೆತ್ತಿ ಸಣ್ಣ ಉರಿಯಲ್ಲಿ ಎರಡೂವರೆ, 3 ಗಂಟೆ ಬಿಡಿ. ಇಂಗ್ಲೆಂಡಿನ ಲ್ಯಾಂಕಶೈರ್ ಹಾಟ್‌ಪಾಟ್ ಕೂಡ ಇಂಥದ್ದೇ ಅಡುಗೆ, ಕುರಿಯ ಕುತ್ತಿಗೆ ಮಾಂಸದ್ದು, ಮೇಲೆ ಬಟಾಟೆ ಬಿಲ್ಲೆ ಜೋಡಿಸಿ ಓವನಿನಲ್ಲಿ ನಿಧಾನ ಬೇಯಿಸ್ತಾರೆ. ನಿಮಗೆ ಬಟಾಟೆ ಬೇಕಾದ್ರೆ ಕೊನೆಯ ಮುಕ್ಕಾಲು ಗಂಟೆಗೆ ಹಾಕಿ, ಇಲ್ಲದಿದ್ರೆ ಕರಗಿ ಹೋಗ್ತದೆ. ಮರುದಿನ ಬೆಳಿಗ್ಗೆ ನೀರ್ದೋಸೆಗೆ ಇದು ಇನ್ನೂ ಒಳ್ಳೆದಾಗ್ತದೆ, ಸ್ವಲ್ಪ ಎತ್ತಿಡಿ.