ಧಾರಾವಾಹಿ ಕಟ್ಟೆ: ಸಿಟ್ಟಿರಲಿ, ವಿಳಾಸ ತಪ್ಪದಿರಲಿ

ಈ ಸಲದ ಪತ್ರಗಳೆಲ್ಲ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವು. ಮಧ್ಯಾಹ್ನದ ಧಾರಾವಾಹಿಗಳ ಮೇಲೆ ಓದುಗರಿಗೆ ಪ್ರೀತಿಯೂ ಇದೆ, ಸಿಟ್ಟೂ ಇದೆ. ಸಿಟ್ಟೆಲ್ಲ ಬಿದ್ದಿರುವುದು ಮಾತ್ರ ‘ಬರಿಯೋರ’ ತಲೆಯ ಮೇಲೆ. ಪಾಪ, ಅವರ ಪಾಲು ಎಷ್ಟು ಅನ್ನುವುದನ್ನೂ ನೋಡೋಣ.

ಮಧ್ಯಾಹ್ನದ ಧಾರಾವಾಹ್ಯಾಗ ಕುಬಸದ (ಸೀಮಂತದ) ಕಾರ್ಯಕ್ರಮ ಶುರುವಾಗಿ ಎರಡು ವಾರ ಆತು. ಬಳಿ ಇನ್ನೂ ಕೈಗೆ ಏರಿಲ್ಲ. ಬರಿಯೋರ ಕಡೆ ಕತಿ ಖಾಲಿ ಆಗೇತೇನು?
– ಓದುಗರು, ಬೆಟಗೇರಿ

ಕತೆ ಖಾಲಿಯಾಗಿಲ್ಲ, ಹಾಕಿದ ಮಂಟಪದ ಖರ್ಚು ಇನ್ನೂ ಹುಟ್ಟಿಲ್ಲ. ಕುಬಸ, ಮದುವೆ, ನಾಮಕರಣ ಅಂದರೆ ಇಡೀ ತಾರಾಗಣದ ಡೇಟ್ಸ್ ಒಂದೇ ಕಡೆ ಹೊಂದಿಸಬೇಕು. ಹೂವು, ಲೈಟು, ಬಾಡಿಗೆ ಸೀರೆ, ನೂರು ತಾಟು ಊಟ, ಎಲ್ಲ ಒಮ್ಮೆಗೇ ಬೀಳುವ ಖರ್ಚು. ಅದನ್ನು ಎರಡು ಸಂಚಿಕೆಗೆ ಹಂಚಿದರೆ ನಷ್ಟ, ಹನ್ನೆರಡಕ್ಕೆ ಹಂಚಿದರೆ ಲೆಕ್ಕ ಕೂಡುತ್ತದೆ.

ಹಿಗ್ಗಿಸುವ ಲೆಕ್ಕವನ್ನು ನೀವೇ ಹಾಕಬಹುದು. ಕೇಬಲ್ ಟಿವಿ ನಿಯಮದ ಪ್ರಕಾರ ಗಂಟೆಗೆ ಹೆಚ್ಚೆಂದರೆ 12 ನಿಮಿಷ ಜಾಹೀರಾತು. ಅರ್ಧ ಗಂಟೆಯ ಸಂಚಿಕೆಯಲ್ಲಿ ಅದನ್ನು, ಟೈಟಲ್ಲನ್ನು, ‘ಹಿಂದಿನ ಸಂಚಿಕೆಯಲ್ಲಿ’ಯನ್ನು ಕಳೆದರೆ ಹೊಸ ದೃಶ್ಯಕ್ಕೆ ಉಳಿಯುವುದು 20-22 ನಿಮಿಷ. ಬಾಗಿಲಲ್ಲಿ ಖಳನಾಯಕಿ ಬಂದು ನಿಂತಳು ಅನ್ನಿ. ಪಡಸಾಲೆಯಲ್ಲಿ 14 ಮಂದಿ. ಒಬ್ಬೊಬ್ಬರ ಮುಖಕ್ಕೆ 3 ಸೆಕೆಂಡ್, ಅದನ್ನೇ ಮೂರು ಸಲ ಜೂಮ್ ಮಾಡಿದರೆ 126 ಸೆಕೆಂಡ್. ಒಬ್ಬರೂ ತುಟಿ ಬಿಚ್ಚದೆ ಎರಡು ನಿಮಿಷ ದಾಟಿತು. ಆ ಎರಡು ನಿಮಿಷವನ್ನು ಬರಹಗಾರ ಬರೆದಿರುವುದಿಲ್ಲ. ಅದು ಎಡಿಟಿಂಗ್ ಟೇಬಲ್ಲಿನಲ್ಲಿ ಹುಟ್ಟಿದ ಸಾಹಿತ್ಯ.

ಹಿಗ್ಗಿಸುವುದಕ್ಕೆ ಇನ್ನೊಂದು ಕಾರಣ ‘ಬ್ಯಾಂಕ್’, ಅಂದರೆ ಮುಗಿಸಿ ಇಟ್ಟುಕೊಂಡ ಸಂಚಿಕೆಗಳು. ಹತ್ತು ಸಂಚಿಕೆ ಕೈಯಲ್ಲಿದ್ದರೆ ತಂಡ ನಿರಾಳ. ನಾಯಕಿಗೆ ಜ್ವರ ಬಂದು ಬ್ಯಾಂಕ್ ಎರಡಕ್ಕೆ ಇಳಿಯಿತೋ, ಸೆಟ್ಟಿನಲ್ಲಿ ಇದ್ದವರನ್ನೇ ಇಟ್ಟುಕೊಂಡು ದಿನ ದೂಡಬೇಕು. ಆಗ ಅತ್ತೆ ಮತ್ತು ಅಡುಗೆಯವಳ ನಡುವೆ ಇದ್ದಕ್ಕಿದ್ದಂತೆ ಉದ್ದುದ್ದ ಸಂಭಾಷಣೆ ಶುರುವಾಗುತ್ತದೆ.

ಮಧ್ಯಾಹ್ನದ ಮಟ್ಟಿಗೆ ಒಂದು ವಿನಾಯಿತಿ ಕೊಡಲೇಬೇಕು. ಆ ಹೊತ್ತಿನ ಪ್ರೇಕ್ಷಕರು ಅರ್ಧ ನೋಡುತ್ತಾರೆ, ಅರ್ಧ ಕೇಳುತ್ತಾರೆ. ಕೈಯಲ್ಲಿ ಶಾವಿಗೆಯೋ ಮೆಣಸಿನಕಾಯಿ ತುಂಬು ಮುರಿಯುವ ಕೆಲಸವೋ ಇರುತ್ತದೆ. ಹಾಗಾಗಿ ಪಾತ್ರಗಳು ಒಬ್ಬರನ್ನೊಬ್ಬರು ಪದೇ ಪದೇ ಹೆಸರು ಹಿಡಿದು ಕರೆಯುವುದು, ಆದದ್ದನ್ನೇ ಮತ್ತೆ ಹೇಳುವುದು ಬೇಕೆಂದೇ ಮಾಡುವ ಕೆಲಸ. ಅದು ತಪ್ಪಲ್ಲ. ಮೂರು ಸಂಚಿಕೆ ಕಳೆದರೂ ಯಾವ ಪಾತ್ರಕ್ಕೂ ಒಂದು ಹೊಸ ಸಂಗತಿ ಗೊತ್ತಾಗಲಿಲ್ಲ ಅಂದರೆ ಮಾತ್ರ ಅದು ಎಳೆತ.

‘ನಮ್ಮ ಭಾಷಾ’ ಅಂತ ಹೇಳಿ ಎಲ್ಲಾದಕ್ಕೂ ‘ರೀ’ ಹಚ್ಚತಾರ. ಮಗಗೂ ರೀ, ಎಮ್ಮಿಗೂ ರೀ. ಬೆಂಗಳೂರಾಗ ಈ ಕಡೆ ಬರಹಗಾರರು ಯಾರೂ ಸಿಗಂಗಿಲ್ಲೇನು?
– ಓದುಗರು, ಸಪ್ತಾಪುರ, ಧಾರವಾಡ

ಸಿಗುತ್ತಾರೆ, ಇದ್ದಾರೆ ಕೂಡ. ಎಷ್ಟೋ ಸಲ ಹಾಳೆಯ ಮೇಲೆ ಮಾತು ಸರಿಯಾಗಿಯೇ ಇರುತ್ತದೆ. ಕೆಡುವುದು ಹಾಳೆಯಿಂದ ಬಾಯಿಗೆ ಬರುವ ದಾರಿಯಲ್ಲಿ.

ಸಂಭಾಷಣೆ ಹಿಂದಿನ ರಾತ್ರಿಯೋ ಅದೇ ಬೆಳಿಗ್ಗೆಯೋ ವಾಟ್ಸಾಪಿನಲ್ಲಿ ಸೆಟ್ಟಿಗೆ ಬರುತ್ತದೆ. ದಿನಕ್ಕೆ ಹತ್ತಿರ ಹತ್ತಿರ ಒಂದು ಸಂಚಿಕೆಯಷ್ಟು ಚಿತ್ರೀಕರಿಸಬೇಕಾದಾಗ ಬಾಯಿಪಾಠಕ್ಕೆ ವೇಳೆಯೆಲ್ಲಿ? ಕ್ಯಾಮೆರಾ ಪಕ್ಕ ನಿಂತ ಸಹಾಯಕ ನಿರ್ದೇಶಕ ಸಾಲು ಓದಿಕೊಡುತ್ತಾನೆ, ನಟಿ ಅದನ್ನು ಹೇಳುತ್ತಾಳೆ. ಇದಕ್ಕೆ ಪ್ರಾಂಪ್ಟಿಂಗ್ ಅನ್ನುತ್ತಾರೆ. ಅಲ್ಲಿಗೆ ಪ್ರಾಂಪ್ಟ್ ಮಾಡುವವನ ನಾಲಗೆಯೇ ಇಡೀ ಮನೆತನದ ನಾಲಗೆ. ಅವನು ಮಂಡ್ಯದವನಾದರೆ ‘ಹೊಂಟೀನಿ’ ಅನ್ನುವುದು ಅರ್ಧ ದಾರಿಯಲ್ಲೇ ‘ಹೊಯ್ತಿವ್ನಿ’ ಆಗುತ್ತದೆ. ಮುಂದೆ ಡಬ್ಬಿಂಗ್ ಇದ್ದರೆ ಧ್ವನಿ ಕೊಡುವವರು ಇನ್ನೊಬ್ಬರು, ಅವರ ಊರು ಮತ್ತೊಂದು. ಮೂರು ಕೈ ದಾಟಿದ ಮೇಲೆ ಉಳಿಯುವುದು ಒಂದು ‘ರೀ’ ಮಾತ್ರ, ಅದು ಸುಲಭವಾಗಿ ಹತ್ತುತ್ತದೆ.

ತಪ್ಪುಗಳಲ್ಲಿ ಕಿವಿಗೆ ಹೆಚ್ಚು ಚುಚ್ಚುವುದು ಕೊನೆಯ ಸ್ವರ. ಮನೆ, ಕೆರೆ, ಎಮ್ಮೆ ಈ ಕಡೆ ಮನಿ, ಕೆರಿ, ಎಮ್ಮಿ ಆಗುತ್ತವೆ ಅನ್ನುವುದನ್ನು ನಟರು ಬೇಗ ಹಿಡಿಯುತ್ತಾರೆ. ಹಿಡಿದು ಎಲ್ಲ ‘ಎ’ಕಾರಕ್ಕೂ ಅದನ್ನೇ ಹಚ್ಚುತ್ತಾರೆ. ‘ನೀವು ಹೋದರೆ’ ಅನ್ನುವುದು ಇಲ್ಲಿ ‘ನೀವು ಹೋದ್ರ’. ಅದನ್ನು ‘ನೀವು ಹೋದ್ರಿ’ ಅಂದುಬಿಟ್ಟರೆ ಹೋಗಿಯೇ ಬಿಟ್ಟಿರಿ ಅಂತಾಯಿತು. ‘ನೀವು ಹೋದ್ರಿ ನಾನು ಸಾಯ್ತೀನಿ’ ಅಂತ ನಾಯಕಿ ಅತ್ತಾಗ ಗದುಗಿನ ಮನೆಗಳಲ್ಲಿ ನಗು ಬರುವುದು ಇದಕ್ಕೇ.

ಎರಡನೆಯದು ಕಲಬೆರಕೆ. ಧಾರವಾಡದ ಪ್ಯಾಟಿ ಮನೆಯ ‘ಮಾಡ್ಲಿಕತ್ತೀನಿ’, ಗದಗ ಸೀಮೆಯ ಹಳ್ಳಿಯ ‘ಮಾಡಾಕತ್ತೀನಿ’ ಎರಡೂ ಖರೆ. ಒಂದೇ ಬಾಯಲ್ಲಿ, ಒಂದೇ ದೃಶ್ಯದಲ್ಲಿ ಎರಡೂ ಬಂದರೆ ಖೊಟ್ಟಿ. ‘ರೀ’ ಹಿರಿಯರಿಗೆ, ಹೊರಗಿನವರಿಗೆ, ಗಂಡನಿಗೆ. ಮಗನಿಗೆ ‘ಲೇ’, ಅವ್ವನಿಗೆ ಸಲಿಗೆಯ ‘ಬೇ’. ಈ ‘ಬೇ’ಯನ್ನು ಬೈಗುಳ ಅಂದುಕೊಂಡು ತೆಗೆದುಹಾಕುವ ಸೆಟ್ಟುಗಳಿಗೆ ಏನು ಹೇಳೋಣ!

ಸಂಬಂಧದ ಹೆಸರೂ ಹಾಗೆಯೇ. ಕಾಕಾ, ವೈನಿ, ಮಾಂವ ಸೇರಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಯಾವ ಮನೆಯಲ್ಲಿ ‘ವೈನಿ’, ಯಾವ ಮನೆಯಲ್ಲಿ ‘ಅಕ್ಕಾರ’ ಅನ್ನುವುದು ಆ ಕುಟುಂಬ ಯಾವುದು ಅನ್ನುವುದರ ಮೇಲೆ ನಿಂತಿದೆ. ಕತೆ ಶುರುವಾಗುವ ಮೊದಲು ಯಾರು ಯಾರನ್ನು ಹೇಗೆ ಕರೆಯುತ್ತಾರೆ ಅಂತ ಎರಡು ಪುಟ ಬರೆದಿಟ್ಟು ಎಲ್ಲರಿಗೂ ಹಂಚಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಉಳಿದ ಕಾಲು ಪಾಲಿಗೆ ಈ ಕಡೆಯ ಒಬ್ಬ ಪ್ರಾಂಪ್ಟರ್ ಸಾಕು, ತಾರಾಗಣ ಬದಲಿಸುವುದಕ್ಕಿಂತ ಅದು ಎಷ್ಟೋ ಅಗ್ಗ. ಅತ್ತೆ-ಮಾವನ ಪಾತ್ರಕ್ಕೆ ಗದುಗಿನ ಕಂಪನಿ ನಾಟಕಗಳ, ಧಾರವಾಡ ರಂಗಾಯಣದ ಕಲಾವಿದರನ್ನು ಕರೆಯಬಾರದೇ ಅಂತ ಹಲವರು ಕೇಳಿದ್ದೀರಿ. ಕರೆಯಬೇಕು. ಚಿತ್ರೀಕರಣ 400 ಕಿಲೋಮೀಟರ್ ಆಚೆ ಬೆಂಗಳೂರಿನಲ್ಲಿ. ತಿಂಗಳಿಗೆ 12-15 ದಿನ ಅಲ್ಲಿ ಉಳಿಯುವ ವೆಚ್ಚ ಯಾರದು ಅನ್ನುವಲ್ಲಿಗೆ ಮಾತುಕತೆ ನಿಂತುಬಿಡುತ್ತದೆ. ಕಂಪನಿ ನಾಟಕದವರಿಗೆ ಇನ್ನೊಂದು ತೊಡಕಿದೆ: ಕೊನೆಯ ಸಾಲಿಗೆ ಮುಟ್ಟಿಸುವ ಧ್ವನಿಯನ್ನು ಕಾಲರ್ ಮೈಕಿಗೆ ಇಳಿಸಬೇಕು. ಅದು ಒಂದು ವಾರದ ಅಭ್ಯಾಸ, ಅಷ್ಟೇ.

ಅಂದಹಾಗೆ, ಕತೆ ಗದಗ ಜಿಲ್ಲೆಯದು ಅಂತ ಬೋರ್ಡು ತೋರಿಸಿ ಮನೆಯ ಹಿಂದೆ ತೆಂಗಿನ ತೋಟ, ಕೆಂಪು ಮಣ್ಣು, ರಾಗಿ ತೆನೆ ತೋರಿಸಿದರೆ ಭಾಷೆ ತಿದ್ದಿಯೂ ಉಪಯೋಗವಿಲ್ಲ. ಎರಿ ಹೊಲ, ಮಾಳಿಗೆ ಮನೆ, ತಲೆ ಮೇಲೆ ಸೆರಗು ಹೊದ್ದ ಇಳಕಲ್ ಸೀರೆ ಎಲ್ಲಿ?

ನಮ್ಮ ನೆಗೆಣ್ಣಿ ಪುಣೆದಾಕಿ. ಇಲ್ಲಿ ಮುಂದಿನ ತಿಂಗಳು ಆಗೋದನ್ನ ಆಕಿ ಈಗೇ ಹೇಳತಾಳ. ಹೊಸಾ ಕತಿ ಬರಿಯಾಕ ನಮ್ಮವರಿಗೆ ಏನ್ ಧಾಡಿ?
– ಓದುಗರು, ಬ್ಯಾಡಗಿ

ರೀಮೇಕ್ ಇರಬೇಕು. 2019ರಲ್ಲಿ ಬಂದ ‘ಜೊತೆ ಜೊತೆಯಲಿ’ಯ ಮೂಲ ಮರಾಠಿಯದು, ‘ಪುಟ್ಟಕ್ಕನ ಮಕ್ಕಳು’ ತೆಲುಗಿನದು. ಒಂದೇ ಸಮೂಹಕ್ಕೆ ಮರಾಠಿ, ತೆಲುಗು, ಕನ್ನಡದಲ್ಲಿ ಚಾನೆಲ್‌ಗಳಿದ್ದಾಗ ಅಲ್ಲಿ ಗೆದ್ದದ್ದನ್ನು ಇಲ್ಲಿ ತರುವುದು ವ್ಯಾಪಾರಕ್ಕೆ ಸುರಕ್ಷಿತ. ಅದನ್ನು ತೀರ್ಮಾನಿಸುವವರು ಚಾನೆಲ್‌ನವರು. ಬರಹಗಾರನ ಕೈಗೆ ಬರುವುದು ಸಿದ್ಧ ಕತೆ.

ರೀಮೇಕ್ ಆಗಿದ್ದಕ್ಕೆ ನಮ್ಮ ತಕರಾರಿಲ್ಲ. ಸಂಬಂಧಗಳನ್ನು ತಿದ್ದದೆ ತರುವುದಕ್ಕೆ ತಕರಾರು. ಹಿಂದಿ ಕತೆಯಲ್ಲಿ ಸೋದರಮಾವನ ಮಗಳು ನಾಯಕನಿಗೆ ತಂಗಿ, ರಾಖಿ ಕಟ್ಟುತ್ತಾಳೆ. ಅದನ್ನೇ ಹಾವೇರಿಯ ಮನೆಯೊಳಗೆ ತಂದು ಕೂರಿಸಿದರೆ ನೋಡುವವರು ಕೇಳುವ ಮೊದಲ ಪ್ರಶ್ನೆ, ‘ಮಾಂವನ ಮಗಳು ಕೈಯಳತಿಯಾಗ ಇರೂಮುಂದ ಇಂವ ಹೊರಗಿನ ಹುಡುಗಿ ಹುಡುಕೋದ್ಯಾಕ?’ ಒಂದೋ ಅವಳನ್ನು ಚಿಕ್ಕಪ್ಪನ ಮಗಳನ್ನಾಗಿ ಮಾಡಬೇಕು, ಇಲ್ಲವೇ ಅವಳ ಆಸೆಯನ್ನೇ ಕತೆಗೆ ಎಳೆಯಾಗಿ ಹಾಕಬೇಕು. ಎರಡನೆಯದು ಮಾಡಿದರೆ ಖಳನಾಯಕಿಗೆ ಸಿಟ್ಟಾಗಲು ಒಂದು ನ್ಯಾಯವಾದ ಕಾರಣವೂ ಸಿಗುತ್ತದೆ.

ಡಬ್ಬಿಂಗ್ ಬೇರೆ ಮಾತು. 2020ರ ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತಾಗ ಹಿಂದಿಯ ‘ಮಹಾಭಾರತ’ ಕನ್ನಡದಲ್ಲಿ ಮಾತಾಡತೊಡಗಿತು, ಆಮೇಲೆ ಡಬ್ ಆದವು ಸಾಲುಗಟ್ಟಿದವು. ಅಲ್ಲಿ ಮೂಲದ ತುಟಿ ಮುಚ್ಚಿದ ಕಡೆ ಕನ್ನಡದಲ್ಲೂ ಪ, ಬ, ಮ ಬೀಳಬೇಕು. ಅದಕ್ಕಾಗಿ ವಾಕ್ಯ ತಿರುಚುತ್ತಾರೆ, ಕನ್ನಡ ಸೊಟ್ಟಗಾಗುತ್ತದೆ.

ನಮ್ಮ ಓಣ್ಯಾಗ ಯಾರ ಮನ್ಯಾಗೂ ಟಿಆರ್‌ಪಿ ಪೆಟಗಿ ಇಲ್ಲ. ಮತ್ತ ನಮ್ಮ ಅಭಿಪ್ರಾಯ ಅವರಿಗೆ ಹೆಂಗ ಗೊತ್ತಾಗತೈತಿ?
– ಓದುಗರು, ಹಳೇ ಹುಬ್ಬಳ್ಳಿ

ಗೊತ್ತಾಗುವುದಿಲ್ಲ. ಟಿಆರ್‌ಪಿಯನ್ನು, ಅಂದರೆ ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರು ಅನ್ನುವುದನ್ನು, ಬಾರ್ಕ್ ಸಂಸ್ಥೆ 2015ರಿಂದ ಅಳೆಯುತ್ತಿದೆ. ದೇಶದಲ್ಲಿ 50,000ಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇದೆ, ಯಾವ ಮನೆ ಅನ್ನುವುದು ಗುಟ್ಟು. ಚಾನೆಲ್ಲಿನ ಧ್ವನಿಯೊಳಗೆ ಕಿವಿಗೆ ಕೇಳದ ಗುರುತು ಸೇರಿಸಿರುತ್ತಾರೆ, ಮೀಟರ್ ಅದನ್ನು ಹಿಡಿಯುತ್ತದೆ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಗುಂಡಿ. ಕೂತಾಗ ಒತ್ತಬೇಕು, ಎದ್ದಾಗ ಒತ್ತಬೇಕು. ಶನಿವಾರದಿಂದ ಶುಕ್ರವಾರದ ತನಕದ ವಾರದ ಅಂಕಿ ಮುಂದಿನ ಗುರುವಾರ ಬರುತ್ತದೆ. ಗುರುವಾರ ಕಳೆದ ಮೇಲೆ ಕತೆ ತಿರುಗುವುದು, ಸತ್ತವನು ಎದ್ದು ಬರುವುದು ಇದಕ್ಕೇ.

ಆ್ಯಪಿನಲ್ಲಿ, ಯೂಟ್ಯೂಬಿನಲ್ಲಿ ನೋಡಿದ್ದು ಈ ಲೆಕ್ಕಕ್ಕೆ ಸೇರುವುದಿಲ್ಲ. ಮಧ್ಯಾಹ್ನ ಕರೆಂಟು ಹೋಗಿ ಸಂಜೆ ಮೊಬೈಲಿನಲ್ಲಿ ನೋಡಿಕೊಂಡವರ ಪ್ರೀತಿ ಆ ಅಂಕಿಗೆ ದಕ್ಕದು. ಆದರೆ ಪ್ರೋಮೋ ಕೆಳಗಿನ ಕಾಮೆಂಟನ್ನು ಚಾನೆಲ್ಲಿನವರು ಓದುತ್ತಾರೆ. ‘ಬೋರ್’ ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ಸಂಚಿಕೆಯ ದಿನ, ದೃಶ್ಯ, ತಪ್ಪು, ಮೂರನ್ನೂ ಬರೆಯಿರಿ: ‘ಮಂಗಳವಾರ ಆಕಿಗೆ ಗುಟ್ಟು ಗೊತ್ತಾಗಿತ್ತು, ಗುರುವಾರ ಮತ್ತ ಯಾಕ ಕೇಳತಾಳ?’ ಇಂಥದ್ದು ಚಿತ್ರಕತೆಯವರ ಮೇಜಿಗೆ ಹೋಗುವ ಸಂಭವ ಹೆಚ್ಚು.

ನಾಯಕನ್ನ ಬದಲಿ ಮಾಡಿದ್ರು. ಹೊಸಬರು ಛಲೋನೇ ಮಾಡತಾರ, ಖರೆ ಮನಸ್ಸು ಒಪ್ಪವಲ್ದು.
– ಓದುಗರು, ರಾಣೆಬೆನ್ನೂರು

ಒಪ್ಪದಿರುವುದು ಸಹಜ. 2022ರಲ್ಲಿ ‘ಜೊತೆ ಜೊತೆಯಲಿ’ಯಲ್ಲಿ ಅನಿರುದ್ಧ ಅವರ ಜಾಗಕ್ಕೆ ಹರೀಶ್ ರಾಜ್ ಬಂದಾಗಲೂ ಪ್ರೇಕ್ಷಕರು ಎರಡು ಪಾಲಾಗಿದ್ದರು. ಬದಲಿಸುವ ದಾರಿ ಮೂರು: ಏನೂ ಹೇಳದೆ ಹೊಸ ಮುಖ ನಿಲ್ಲಿಸುವುದು, ಎರಡು-ಮೂರು ವಾರ ವಿದೇಶಕ್ಕೆ ಕಳಿಸಿ ಹೊಸಬರನ್ನು ಇಳಿಸುವುದು, ಅಪಘಾತ ಮಾಡಿಸಿ ಮುಖಕ್ಕೆ ಶಸ್ತ್ರಚಿಕಿತ್ಸೆ. ಮೂರನೆಯದು ಎಲ್ಲಕ್ಕಿಂತ ದಡ್ಡತನ. ಎತ್ತರ, ಧ್ವನಿ, ನಡಿಗೆ ಬದಲಾಗಿದ್ದು ಯಾವ ಡಾಕ್ಟರ್ ಮಾಡಿದ್ದು? ಎರಡನೆಯದೇ ಮೇಲು, ಆದರೆ ಹೊಸಬರ ಮೊದಲ ದೃಶ್ಯ ನಾಯಕಿಯ ಜೊತೆ ಇರಬಾರದು. ಮನೆಯ ಮಗುವಿನ ಜೊತೆಗೋ ಅಜ್ಜಿಯ ಜೊತೆಗೋ ಇರಬೇಕು. ಅವರು ಒಪ್ಪಿದರೆ ನಾವೂ ಒಪ್ಪುತ್ತೇವೆ. ಹಳೆಯ ನಟನ ಮ್ಯಾನರಿಸಂ ಅನ್ನು ಹೊಸಬರಿಂದ ಮಾಡಿಸಿದರೆ ಮುಗಿಯಿತು, ದಿನಾ ಹೋಲಿಕೆ.

ಖಳನಾಯಕಿ ರೇಷ್ಮಿ ಸೀರಿ ಉಟ್ಟs ಯಾಕ ಮಲಗತಾಳ?
– ಓದುಗರು, ಶಿಗ್ಗಾವಿ

ದೃಶ್ಯಗಳನ್ನು ಕ್ರಮವಾಗಿ ತೆಗೆಯುವುದಿಲ್ಲ. ಒಂದು ಕೋಣೆಯ ದೃಶ್ಯಗಳೆಲ್ಲ ಒಟ್ಟಿಗೇ. ಸೀರೆ, ಜಡೆ, ಒಡವೆ ಬದಲಿಸಲು ಮುಕ್ಕಾಲು ಗಂಟೆ ಬೇಕು. ಆ ಮುಕ್ಕಾಲು ಗಂಟೆಯಲ್ಲಿ ಒಂದು ದೃಶ್ಯ ಮುಗಿಯುತ್ತದೆ. ಅಲ್ಲದೆ ನೈಟಿ ಉಟ್ಟ ಖಳನಾಯಕಿಗೆ ಯಾರು ಹೆದರುತ್ತಾರೆ ಹೇಳಿ.

ನನಗ ಸಂಭಾಷಣೆ ಬರಿಯೂ ಆಸೆ ಐತಿ. ಎಲ್ಲಿಂದ ಶುರು ಮಾಡ್ಲಿ?
– ಓದುಗರು, ಲಕ್ಷ್ಮೇಶ್ವರ

ಇಡೀ ಕತೆ ಬರೆದು ಚಾನೆಲ್ಲಿಗೆ ಕಳಿಸಬೇಡಿ, ಓದುವವರಿಲ್ಲ. ಮೊದಲು ಈಗ ಬರುತ್ತಿರುವ ಒಂದು ಧಾರಾವಾಹಿಯ ಒಂದು ವಾರವನ್ನು ಹಾಳೆಗೆ ಇಳಿಸಿ. ಸಂಚಿಕೆಗೆ ಎಷ್ಟು ದೃಶ್ಯ (ಸಾಮಾನ್ಯವಾಗಿ ಆರೇಳು), ಪ್ರತಿ ದೃಶ್ಯದಲ್ಲಿ ಯಾರಿಗೆ ಏನು ಹೊಸದು ಗೊತ್ತಾಯಿತು, ಜಾಹೀರಾತಿಗೆ ಮೊದಲು ಯಾವ ಮಾತಿಗೆ ನಿಲ್ಲಿಸಿದರು. ಅಲ್ಲಿ ವಿಂಗಡಣೆ ಹೀಗಿದೆ: ಕತೆ ಒಬ್ಬರದು, ಚಿತ್ರಕತೆ ಒಬ್ಬರದು, ಸಂಭಾಷಣೆ ಮತ್ತೊಬ್ಬರದು. ನಿಮಗೆ ಬರುವುದು ‘ದೃಶ್ಯ 4, ಅಡುಗೆಮನೆ, ಹಗಲು: ಸೊಸೆಗೆ ಪತ್ರ ಸಿಗುತ್ತದೆ, ಅತ್ತೆ ನೋಡಿಬಿಡುತ್ತಾಳೆ’ ಅನ್ನುವಷ್ಟೇ. ಅದನ್ನು ಮೂರು ನಿಮಿಷದ ಮಾತಾಗಿಸುವುದು ನಿಮ್ಮ ಕೆಲಸ.

ಮಾದರಿಗೆ ಮೂರು ದೃಶ್ಯ ಬರೆಯಿರಿ: ಒಂದು ಜಗಳ, ಒಂದು ನಗೆ, ಒಂದರಲ್ಲಿ ಪಾತ್ರಕ್ಕೆ ಹೇಳಬೇಕಾದ್ದು ಹೇಳಲಾಗಬಾರದು. ಮೂರನೆಯದನ್ನೇ ಅವರು ಮೊದಲು ನೋಡುತ್ತಾರೆ. ಬರೆದದ್ದನ್ನು ಬಾಯಿಬಿಟ್ಟು ಓದಿ, ಗಡಿಯಾರ ಇಟ್ಟುಕೊಂಡು. ಒಂದು ಉಸಿರಿಗೆ ಮುಗಿಯದ ಸಾಲನ್ನು ಒಡೆಯಿರಿ, ಇಲ್ಲವಾದರೆ ಪ್ರಾಂಪ್ಟ್ ಮಾಡುವವನು ತನಗೆ ತಿಳಿದಂತೆ ಒಡೆಯುತ್ತಾನೆ. ಕಳಿಸಬೇಕಾದದ್ದು ಚಾನೆಲ್ಲಿಗಲ್ಲ, ಟೈಟಲ್ ಕಾರ್ಡಿನಲ್ಲಿ ಹೆಸರು ಬರುವ ಸಂಚಿಕೆ ನಿರ್ದೇಶಕರಿಗೆ ಅಥವಾ ಚಿತ್ರಕತೆಗಾರರಿಗೆ. ಸಹಾಯಕ ಬರಹಗಾರರು ಬಿಟ್ಟುಹೋದಾಗ ಅವರಿಗೆ ನಾಳೆಗೇ ಜನ ಬೇಕಿರುತ್ತದೆ. ಒಂದು ಎಚ್ಚರ: ಬರೀ ಐಡಿಯಾಕ್ಕೆ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆ ಇಲ್ಲ, ಬರೆದಿಟ್ಟ ರೂಪಕ್ಕೆ ಮಾತ್ರ ಇದೆ. ಫೋನಿನಲ್ಲಿ ಕತೆ ಹೇಳಬೇಡಿ. ದಿನಾಂಕ ಉಳಿಯುವಂತೆ ಇಮೇಲ್ ಮಾಡಿ. ಮತ್ತು ದಿನಕ್ಕೆ ಒಂದು ಸಂಚಿಕೆಯ ಮಾತು ಬರೆಯಲು ಆಗುತ್ತದೆಯೇ ಅಂತ ಒಂದು ವಾರ ಮನೆಯಲ್ಲೇ ಬರೆದು ನೋಡಿ. ಬೆಂಗಳೂರಿಗೆ ಟಿಕೆಟ್ ಆಮೇಲೆ ತೆಗೆಸಿದರಾಯಿತು.